ಕತ್ತರಿಸದ ಹದಿನಾರು ನೋಟುಗಳು

ಹೋದ ಭಾನುವಾರ ಮನೆ ಮುಂದೆ ಸೊಪ್ಪಿನ ಗಾಡಿ ನಿಂತಿತ್ತು. ಎರಡು ಕಟ್ಟು ದಂಟಿನ ಸೊಪ್ಪು ಕೊಂಡು ಎಂದಿನಂತೆ ಫೋನು ಚಾಚಿದರೆ ನೆಟ್‌ವರ್ಕ್ ಇಲ್ಲ. ಒಳಗೆ ಓಡಿ, ಬೀರುವಿನ ಸೀರೆಗಳ ನಡುವೆ ಯಾವ ಕಾಲದಲ್ಲೋ ಮಡಿಸಿಟ್ಟಿದ್ದ ಐವತ್ತರ ನೋಟು ತಂದುಕೊಟ್ಟೆ. ಸೊಪ್ಪಿನಾಕೆ ಸೊಂಟದ ಎಲೆಅಡಿಕೆ ಚೀಲದಿಂದ ಹತ್ತರ ನೋಟೊಂದನ್ನು ತೆಗೆದು ಚಿಲ್ಲರೆ ಕೊಟ್ಟಳು. ವೀಳ್ಯದೆಲೆ, ಹೊಗೆಸೊಪ್ಪು, ಬೆವರು ಎಲ್ಲ ಬೆರೆತ ವಾಸನೆ. ದುಡ್ಡಿನ ವಾಸನೆ ಮೂಗಿಗೆ ಬಿದ್ದು ಎಷ್ಟು ಕಾಲವಾಗಿತ್ತೋ! ಕೈ ತಾನಾಗಿ ನೋಟನ್ನು ಬಿಡಿಸಿ, ಕಣ್ಣಿನ ಹತ್ತಿರ ತಂದು, ನಂಬರು ಓದತೊಡಗಿತು.

“ಯಾಕವ್ವಾ, ಖೋಟಾ ಅನ್ಕಂಡ್ಯಾ? ಬ್ಯಾಡ್ವಾದ್ರೆ ಇತ್ತಾಗ್ ಕೊಡು, ಕೊತ್ತಂಬ್ರಿ ತಕ್ಕೋ,” ಎಂದಳು ಆಕೆ, ಸ್ವಲ್ಪ ಬಿಗುವಿನಿಂದಲೇ.

ಇಲ್ಲಮ್ಮ, ಇದು ಖೋಟಾ ಹುಡುಕುವ ನೋಟವಲ್ಲ, ನಮ್ಮ ಗೌರಮ್ಮ ಚಿಕ್ಕಮ್ಮನಿಂದ ಅಂಟಿಕೊಂಡ ಚಟ ಎಂದು ಆಕೆಗೆ ವಿವರಿಸಲು ಹೊರಟರೆ ಗಾಡಿಯ ಸೊಪ್ಪೆಲ್ಲ ಬಾಡಿಹೋಗುತ್ತಿತ್ತು. ನಿಮಗಾದರೆ ಬಿಡುವಿದೆ. ಹೇಳುತ್ತೇನೆ.

ಗೌರಮ್ಮ ಚಿಕ್ಕಮ್ಮ, ಮಹದೇವಪ್ಪ ಚಿಕ್ಕಪ್ಪ ಸರಸ್ವತಿಪುರಂನಲ್ಲಿ ಒಂದು ಮೆಸ್ಸು ನಡೆಸುತ್ತಿದ್ದರು, ಈಗಲೂ ನಡೆಸುತ್ತಾರೆ. ಸುತ್ತ ಟ್ಯುಟೋರಿಯಲ್‌ಗಳು, ಮೇಲೆ ಹುಡುಗರ ರೂಮುಗಳು. ಹಾಗಾಗಿ ಬೆಳಗಿನ ಇಡ್ಲಿಯಿಂದ ರಾತ್ರಿಯ ಮುದ್ದೆ ಸಾರಿನವರೆಗೆ ಜನವೋ ಜನ. ನಾನು ಎಂ.ಎ. ಓದುವಾಗ ಮೆಸ್ಸಿನ ಹಿಂಭಾಗದಲ್ಲೇ ಇದ್ದ ಅವರ ಮನೆಯಲ್ಲಿದ್ದೆ. ಚಿಕ್ಕಪ್ಪನದು ಒಲೆಯ ಕಡೆಯ ಕೆಲಸ. ಚಿಕ್ಕಮ್ಮನದು ಗಲ್ಲಾ. ಆ ಗಲ್ಲಾದಲ್ಲಿ ಕೂತು ಅವಳು ದುಡ್ಡಿನ ಲೆಕ್ಕವನ್ನೊಂದು ಬಿಟ್ಟು ಮಿಕ್ಕೆಲ್ಲವನ್ನೂ ನೋಡುತ್ತಿದ್ದಳು. ಅಂದರೆ, ನೋಟಿನ ನಂಬರುಗಳನ್ನು.

ಹುಟ್ಟಿದ ದಿನ, ತಿಂಗಳು, ವರ್ಷದ ಕೊನೆಯ ಎರಡಂಕೆ ಸಾಲಾಗಿ ಬರೆದರೆ ಆರು ಅಂಕೆ. ನೋಟಿನ ಮೇಲೆ ಅಕ್ಷರಗಳಾದ ಮೇಲೆ ಇರುವುದೂ ಆರು ಅಂಕೆ. ಈ ಎರಡು ಆರುಗಳನ್ನು ಕೂಡಿಸುವುದೇ ತನ್ನ ಜನ್ಮದ ಕೆಲಸವೆಂದು ಚಿಕ್ಕಮ್ಮ ನಂಬಿದ್ದಳು. ನೆಂಟರಿಷ್ಟರ ಹುಟ್ಟಿದ ದಿನವೆಲ್ಲ ಬಾಯಿಪಾಠ. ಮದುವೆಗೆ ಹೋದರೆ ಉಡುಗೊರೆಯಾಗಿ ಮದುಮಗಳ ಹುಟ್ಟುದಿನದ ಹತ್ತು ರೂಪಾಯಿ ಕೊಟ್ಟು ಬರುತ್ತಿದ್ದಳು. ಬೀಗರು ಲಕೋಟೆ ಒಡೆದು ಹತ್ತು ರೂಪಾಯಿ ನೋಡಿ ಏನಂದುಕೊಂಡರೆಂಬ ಚಿಂತೆ ಚಿಕ್ಕಪ್ಪನಿಗೆ ಬಿಟ್ಟದ್ದು. ಆ ಚಿಕ್ಕಪ್ಪನ ಹುಟ್ಟುದಿನ ಮಾತ್ರ ಅವಳ ಕೈಗೆ ಹತ್ತಲಿಲ್ಲ. ಸ್ಕೂಲಿಗೆ ಸೇರಿಸಿಕೊಂಡ ಮೇಷ್ಟ್ರು ಆ ಕಾಲದ ಪದ್ಧತಿಯಂತೆ ಜೂನ್ ಒಂದು ಎಂದು ಬರೆದುಕೊಂಡಿದ್ದರು. “ಜೂನ್ ಒಂದನೇ ತಾರೀಖು ಅರ್ಧ ಮೈಸೂರೇ ಹುಟ್ಟೈತೆ. ಆ ನೋಟು ಯಾರಿಗ್ ಬೇಕು?” ಎನ್ನುತ್ತಿದ್ದಳು.

ಇಷ್ಟೆಲ್ಲ ಇದ್ದೂ ಅವಳದು ಒಂಟಿ ಹವ್ಯಾಸ. ನೋಟಿನ ಆಲ್ಬಮ್ ಹಿಡಿದು ಅವಳು ಬಂದಳೆಂದರೆ ಚಿಕ್ಕಪ್ಪನಿಗೆ ಹಾಲು ಉಕ್ಕಿದ ನೆನಪಾಗುತ್ತಿತ್ತು, ನನಗೆ ಪರೀಕ್ಷೆ ನೆನಪಾಗುತ್ತಿತ್ತು. ಆ ಎರಡು ವರ್ಷ ನಾನು ಅಷ್ಟು ಚೆನ್ನಾಗಿ ಓದಿದ್ದಕ್ಕೆ ಅರ್ಧ ಕಾರಣ ಆ ಆಲ್ಬಮ್ಮೇ.

ಹೀಗಿರುವಾಗ ಒಂದು ದಿನ ಹಡಗಿನ ರವಿ ಬಂದ. ಓದುವಾಗ ಮೂರು ವರ್ಷ ಮೆಸ್ಸಿನಲ್ಲೇ ಉಂಡು ಬೆಳೆದವನು. ಆಮೇಲೆ ಸರಕಿನ ಹಡಗಿನಲ್ಲಿ ಕೆಲಸ ಹಿಡಿದು ಊರೂರು ಸುತ್ತುತ್ತಿದ್ದ. ಗಲ್ಲಾದ ಮೇಲೆ ಉದ್ದನೆಯ ರಟ್ಟಿನ ಕೊಳವೆಯೊಂದನ್ನಿಟ್ಟು, “ನಿಮಗೇ ಅಂತ ತಂದೆ, ಅಮ್ಮಾ,” ಎಂದ. ಒಳಗಿನಿಂದ ಸುರುಳಿ ಬಿಚ್ಚಿದರೆ ಡಾಲರು! ಒಂದಲ್ಲ, ಹದಿನಾರು. ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಂದೇ ಹಾಳೆಯಲ್ಲಿ ಅಂಟಿಕೊಂಡೇ ಇದ್ದವು. ಅಚ್ಚಿನಿಂದ ಇಳಿದದ್ದನ್ನು ಹಾಗೇ ಎತ್ತಿಕೊಂಡು ಬಂದಂತೆ. ಅಮೆರಿಕದಲ್ಲಿ ಸರ್ಕಾರದವರೇ ಹವ್ಯಾಸದವರಿಗಾಗಿ ಹೀಗೆ ಕತ್ತರಿಸದ ಹಾಳೆಗಳನ್ನು ಮಾರುತ್ತಾರಂತೆ. ಜೊತೆಗೆ ಈ ವಿವರವನ್ನೆಲ್ಲ ಅಚ್ಚು ಮಾಡಿದ ಒಂದು ಕವರೂ ಇತ್ತು.

ಚಿಕ್ಕಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮತ್ತೆ ತೊಳೆದು ಬಂದು ಹಾಳೆಯ ಮೇಲೆ ಬಗ್ಗಿದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಕಂದಿತು.

“ರವೀ, ಯಾರೋ ನಿಂಗೆ ಮೋಸ ಮಾಡವ್ರೆ ಕಣೋ. ನಂಬರೇ ಸಾಲಾಗಿಲ್ಲ. ಇದಕ್ಕೂ ಪಕ್ಕದ್ದಕ್ಕೂ ಸಾವಿರಾರು ಅಂತರ!”

ರವಿ ನಕ್ಕ. ಗಲ್ಲಾದ ಪಕ್ಕದಲ್ಲಿ ಮಧ್ಯಾಹ್ನದ ಊಟಕ್ಕೆಂದು ಬಾಳೆ ಎಲೆಯ ಕಟ್ಟಿತ್ತು. ಅದನ್ನು ಎತ್ತಿಕೊಂಡ. “ನೀವು ಎಲೆ ಒಂದೊಂದಾಗಿ ಕತ್ತರಿಸ್ತೀರಾ?”

“ಯಾಕೆ ಒಂದೊಂದು? ಒಂದರ ಮೇಲೊಂದು ಜೋಡ್ಸಿ ಒಂದೇ ಏಟು.”

“ಅವರೂ ಹಾಗೇ. ಹಾಳೆ ಮೇಲೆ ಹಾಳೆ ಪೇರಿಸಿ ಕತ್ತರಿಸ್ತಾರೆ. ಕತ್ತರಿಸಿದ ಮೇಲೆ ಒಂದೊಂದು ಕಟ್ಟಿನಲ್ಲೂ ನಂಬರು ಸಾಲಾಗಿ ಬರಬೇಕಲ್ಲ? ಅದಕ್ಕೆ ಇದರ ಮುಂದಿನ ನಂಬರು ಪಕ್ಕದಲ್ಲಿರಲ್ಲ, ಕೆಳಗಿನ ಹಾಳೇಲಿ ಇದೇ ಜಾಗದಲ್ಲಿರತ್ತೆ.”

ಚಿಕ್ಕಮ್ಮ ಎಲೆಯ ಕಟ್ಟನ್ನೂ ಹಾಳೆಯನ್ನೂ ಮತ್ತೆ ಮತ್ತೆ ನೋಡಿದಳು. ಆಮೇಲೆ ಅಡುಗೆಮನೆಗೆ ಕೇಳುವಂತೆ, “ರೀ, ಇಲ್ ಬನ್ನಿ! ಒಂದು ವಿಷ್ಯ ಗೊತ್ತಾ?” ಎಂದು ಕೂಗಿದಳು. ಚಿಕ್ಕಪ್ಪನಿಗೆ ಅಷ್ಟು ಹೊತ್ತಿಗೆ ಹಾಲು ಉಕ್ಕುತ್ತಿತ್ತು.

ಹಾಳೆಗೆ ಕಟ್ಟು ಹಾಕಿಸಬೇಕಲ್ಲ. ಹಿಂದಿನ ರಸ್ತೆಯಲ್ಲಿ ಪುಟ್ಟಸ್ವಾಮಿಯವರ ಫೋಟೋ ಫ್ರೇಮಿನ ಅಂಗಡಿ ಇತ್ತು. ಮಾತು ಕಡಿಮೆಯ ಮನುಷ್ಯ. ದಿನಾ ಬೆಳಿಗ್ಗೆ ನಮ್ಮ ಮೆಸ್ಸಿಗೆ ಬಂದು ಮೂಲೆಯ ಮೇಜಿನಲ್ಲಿ ಕೂತು ಇಡ್ಲಿ ತಿಂದು, ಸದ್ದಿಲ್ಲದೆ ದುಡ್ಡು ಕೊಟ್ಟು ಹೋಗುತ್ತಿದ್ದರು. ಚಿಕ್ಕಪ್ಪ ಕೊಳವೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ಅಳತೆ ಕೊಟ್ಟು ಬಂದ. ಪುಟ್ಟಸ್ವಾಮಿ ಹಾಳೆಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರಂತೆ. ಆಮೇಲೆ, “ಅಳತೆ ತಕ್ಕೊಂಡಿದೀನಿ, ಹಾಳೆ ನೀವೇ ಇಟ್ಕೊಳಿ,” ಎಂದು ವಾಪಸು ಕೊಟ್ಟರಂತೆ. “ಎಷ್ಟು ನಂಬಿಕಸ್ಥ ನೋಡು, ಬೇರೆಯವರ ಬೆಲೆಬಾಳೋ ವಸ್ತು ಇಟ್ಕೊಳ್ಳೋದೇ ಇಲ್ಲ,” ಎಂದು ಚಿಕ್ಕಪ್ಪ ಮೆಚ್ಚಿಕೊಂಡ.

ಮಾರನೆಯ ದಿನ ಪುಟ್ಟಸ್ವಾಮಿ ಇಡ್ಲಿಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅವರ ಬದಲು ಸುದ್ದಿ ಬಂತು. ಮೆಸ್ಸಿನ ಅಟ್ಟದ ಮೇಲೆ ಡಾಲರು ಅಚ್ಚು ಹಾಕುವ ಮಿಷನ್ ಇದೆಯಂತೆ! ಮೇಲಿನ ರೂಮಿನ ಹುಡುಗರು ರಾತ್ರಿ ಕೇಳುತ್ತಿದ್ದ ಗ್ರೈಂಡರಿನ ಸದ್ದಿಗೆ ಹೊಸ ಅರ್ಥ ಹೊಳೆಯಿತು. ಸುದ್ದಿ ಹೂಟಗಳ್ಳಿಯಲ್ಲಿದ್ದ ಚಿಕ್ಕಪ್ಪನ ತಂಗಿಯ ಮನೆ ಮುಟ್ಟುವ ಹೊತ್ತಿಗೆ ಮಿಷನ್ನು ಮೂರಾಗಿತ್ತು. ಆಕೆ ಫೋನು ಮಾಡಿ, “ಇಷ್ಟು ದೊಡ್ಡ ವ್ಯವಹಾರ ಶುರು ಮಾಡಿದ್ದೀಯ, ಒಡಹುಟ್ಟಿದೋಳಿಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ಅಣ್ಣ?” ಎಂದು ಅತ್ತಳು. ಮಳಿಗೆಯ ಮಾಲೀಕರು ಬಂದು, ಪೊಲೀಸು ಗಿಲೀಸು ಅಂತಾದರೆ ಜಾಗ ಖಾಲಿ ಮಾಡಬೇಕಾಗುತ್ತದೆ ಎಂದು ಹೇಳಿ, ಬಂದದ್ದಕ್ಕೆ ಕಾಫಿ ಕುಡಿದು ಹೋದರು.

ಅವತ್ತು ಚಿಕ್ಕಪ್ಪ ನಿಜವಾಗಿ ಹೆದರಿದ. “ಗೌರಾ, ಇಪ್ಪತ್ತು ವರ್ಷದ ಮೆಸ್ಸು ಕಣೇ. ಹೆಸರು ಹೋದ್ರೆ ಯಾರು ಬಂದು ಉಣ್ತಾರೆ? ಅದನ್ನ ಒಲೆಗಾಕ್ಬುಡು.”

ಚಿಕ್ಕಮ್ಮ ಹಾಳೆಯನ್ನು ಮಂಚದ ಮೇಲೆ ಹಾಸಿ, ಅದರ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು, ಜ್ವರ ಬಂದ ಮಗುವಿನ ಪಕ್ಕ ಕೂತಂತೆ. ನನಗೆ ಮೊದಲ ಸಲ ಅವಳ ಬಗ್ಗೆ ಪಾಪ ಅನ್ನಿಸಿತು.

ಪೊಲೀಸರು ಬಂದೇ ಬಂದರು. ಬಂದವರು ಮರ್ಯಾದಸ್ಥರು. ಅಟ್ಟ ಹತ್ತಿ ನೋಡಿದರು. ಅಲ್ಲಿ ಹಳೇ ಪಾತ್ರೆ, ಹುಣಿಸೇಹಣ್ಣಿನ ಡಬ್ಬ ಬಿಟ್ಟರೆ ಏನಿಲ್ಲ. “ಆದ್ರೂ ಅಮ್ಮ, ಆ ಹಾಳೆ ಒಂದ್ಸಲ ಸ್ಟೇಷನ್ನಿಗೆ ಬರಬೇಕು,” ಎಂದು ಅವರಲ್ಲೊಬ್ಬರು ಮಡಿಸಲು ಕೈ ಹಾಕಿದರು.

“ಮಡಿಸ್ಬೇಡಿ!” ಎಂದು ಚಿಕ್ಕಮ್ಮ ಕೂಗಿದ ಕೂಗಿಗೆ ಸಾಂಬಾರು ಬಡಿಸುತ್ತಿದ್ದವನು ಚಟ್ನಿಯ ಮೇಲೆ ಸಾಂಬಾರು ಹೊಯ್ದ. “ಮಡಿಸಿದ್ರೆ ಬೆಲೆ ಹೋಯ್ತದೆ. ನಾನೇ ಹಿಡ್ಕೊಂಡು ಬತ್ತೀನಿ.”

ಸುರುಳಿ ಸುತ್ತಿ ಕೊಳವೆಗೆ ಹಾಕಬಹುದಿತ್ತು. ಆ ಗಾಬರಿಯಲ್ಲಿ ಅದು ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಸರಸ್ವತಿಪುರಂನ ಜನ ಅವತ್ತು ಕಂಡದ್ದು ಇಷ್ಟು: ಪೊಲೀಸ್ ಜೀಪಿನ ಹಿಂದಿನ ಸೀಟಿನಲ್ಲಿ, ಹಣೆತುಂಬ ವಿಭೂತಿ ಇಟ್ಟುಕೊಂಡ ಮೆಸ್ಸಿನ ಗೌರಮ್ಮ, ಎರಡೂ ಕೈಯಲ್ಲಿ ಹದಿನಾರು ಡಾಲರನ್ನು ಹಪ್ಪಳ ಒಣಹಾಕಲು ಹೊರಟವಳಂತೆ ಅಗಲಿಸಿ ಹಿಡಿದು, ನೇರವಾಗಿ ಮುಂದೆ ನೋಡುತ್ತಾ ಹೋದಳು. ಪಕ್ಕದಲ್ಲಿ ಎಂ.ಎ. ಓದುವ ನಾನು, ಮುಖಕ್ಕೆ ದುಪಟ್ಟಾ ಮುಚ್ಚಿಕೊಂಡು. ಅದು ಇನ್ನೂ ತಪ್ಪಾಯಿತು. ಮುಖ ಮುಚ್ಚಿಕೊಂಡವಳೇ ಮುಖ್ಯ ಆರೋಪಿ ಎಂದು ಎಷ್ಟೋ ಜನ ಬಹಳ ದಿನ ನಂಬಿದ್ದರು.

ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರು ಕೂರಲು ಕುರ್ಚಿ ಕೊಟ್ಟರು. “ಅಮ್ಮಾ, ನಮಗೆ ಬಂದ ಮಾಹಿತಿ ಪ್ರಕಾರ ಇದು ಖೋಟಾ. ಯಾಕಂದ್ರೆ ನಂಬರುಗಳು ಒಂದರ ಪಕ್ಕ ಒಂದು ಸಾಲಾಗಿಲ್ಲ. ಅಸಲಿ ಆಗಿದ್ರೆ ಸಾಲಾಗಿರಬೇಕು ಅಂತ ತಿಳಿಸಿದೋರು ಹೇಳಿದ್ರು.”

ಚಿಕ್ಕಮ್ಮನ ಮುಖ ನೋಡಬೇಕಿತ್ತು ನೀವು. ಅಳುತ್ತಾಳೆಂದು ನಾನು ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡು ಮುಂದಕ್ಕೆ ಬಾಗಿ ಕೇಳಿದಳು:

“ನಂಬರ್ ನೋಡಿದ್ರಾ ಅವ್ರು? ಹದಿನಾರೂ ನೋಡಿದ್ರಾ?”

ಆಮೇಲೆ ಇನ್ಸ್‌ಪೆಕ್ಟರಿಗೆ ಬಾಳೆ ಎಲೆಯ ಪಾಠವಾಯಿತು. ಅವರು ನಗುತ್ತಲೇ ಕೇಳಿ, ನಾನು ಜೊತೆಗೆ ತಂದಿದ್ದ ರವಿಯ ಕವರು ಓದಿ, ಫೋನಿನಲ್ಲಿ ಹುಡುಕಿ, ಯಾರೋ ಬ್ಯಾಂಕಿನವರನ್ನೂ ವಿಚಾರಿಸಿ, “ಸರಿಯಾಗಿದೆ, ತಗೊಂಡು ಹೋಗಿ,” ಎಂದರು. ಬರುವಾಗ ಚಿಕ್ಕಮ್ಮ ಬಾಗಿಲಲ್ಲಿ ನಿಂತು ಅವರ ಹುಟ್ಟಿದ ದಿನ ಕೇಳಿಕೊಂಡು ಬಂದಳು.

ಮನೆಯಲ್ಲಿ ಚಿಕ್ಕಪ್ಪ ಕೆಂಡವಾಗಿದ್ದ. ಹಾಳೆಯನ್ನು ನೋಡಿದ್ದ ಹೊರಗಿನವರು ಪುಟ್ಟಸ್ವಾಮಿ ಒಬ್ಬರೇ. “ಹತ್ತು ವರ್ಷ ನಮ್ಮನೆ ಇಡ್ಲಿ ತಿಂದೋನು! ನಾಳೆ ಅಂಗಡಿ ಮುಂದೆ ನಿಂತು ಕೇಳ್ತೀನಿ,” ಎಂದು ಎಗರಾಡಿದ.

“ನೀವು ಒಲೆ ನೋಡ್ಕೊಳ್ಳಿ. ನಾನು ಹೋಯ್ತೀನಿ,” ಎಂದಳು ಚಿಕ್ಕಮ್ಮ.

ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೊರಟಳು. ಕೈಯಲ್ಲಿ ಇಡ್ಲಿಯ ಪೊಟ್ಟಣ, ಕಂಕುಳಲ್ಲಿ ಆಲ್ಬಮ್ಮು. ನಮ್ಮನ್ನು ಕಂಡ ಪುಟ್ಟಸ್ವಾಮಿ ಎದ್ದು ನಿಂತರು. ಗಾಜು ಕೊಯ್ಯುವ ಕಟರು ಕೈಯಲ್ಲೇ ಇತ್ತು.

“ತಪ್ಪಾಯ್ತು ಕಣಮ್ಮ. ಖೋಟಾ ಅಂತಾನೇ ಅನ್ಕೊಂಡೆ. ನಿಮ್ಮನ್ಯಾರೋ ಸಿಕ್ಕಿಹಾಕಿಸ್ತಾವ್ರೆ ಅಂತ ಹೆದರ್ಕೊಂಡೆ. ನಿಮ್ಮೆದುರಿಗೆ ಕೇಳಕ್ಕೆ ಬಾಯಿ ಬರ್ಲಿಲ್ಲ.”

“ಅದಿರ್ಲಿ ಸ್ವಾಮೇರೇ, ಕೂತ್ಕೊಳಿ. ಹದಿನಾರು ನಂಬರೂ ಒಂದೊಂದಾಗಿ ನೋಡಿದ್ರಾ?”

“ನೋಡ್ದೆ.”

“ಎರಡನೇ ಸಾಲಿನ ಕೊನೇದು?”

“ಅದರಲ್ಲಿ ಏಳು ಅನ್ನೋದು ಮೂರು ಸಲ ಒಟ್ಟಿಗೇ ಬಂದೈತೆ,” ಎಂದರು ಪುಟ್ಟಸ್ವಾಮಿ ಮೆಲ್ಲಗೆ.

ಚಿಕ್ಕಮ್ಮ ಸ್ಟೂಲು ಎಳೆದುಕೊಂಡು ಕೂತೇಬಿಟ್ಟಳು. “ಇಪ್ಪತ್ತು ವರ್ಷದಿಂದ ಗಲ್ಲಾದಲ್ಲಿ ಕೂತಿದೀನಿ ಸ್ವಾಮೇರೇ. ಸಾವಿರಾರು ಜನ ನೋಟು ಕೊಟ್ಟವ್ರೆ, ಈಸ್ಕೊಂಡವ್ರೆ. ನಂಬರ್ ನೋಡಿದೋರು ನೀವೊಬ್ರೇ,” ಎಂದು ಆಲ್ಬಮ್ ಬಿಚ್ಚಿದಳು. ಅವರಿಗೆ ಹಾಲೂ ಉಕ್ಕಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಇಡ್ಲಿ ಪೊಟ್ಟಣದಲ್ಲೇ ತಣ್ಣಗಾಯಿತು. ನಾನು ಕ್ಲಾಸು ತಪ್ಪಿಸಿಕೊಂಡು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ಒಳಗಿನಿಂದ ಆಗಾಗ “ಓಹೋ!” ಎನ್ನುವ ಪುಟ್ಟಸ್ವಾಮಿಯವರ ದನಿ ಕೇಳುತ್ತಿತ್ತು. ಅವರಿಗೆ ಅಷ್ಟು ದೊಡ್ಡ ದನಿ ಇದೆಯೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಆ ಹಾಳೆಗೆ ಅವರು ಹಿಂದೆ ಮುಂದೆ ಎರಡೂ ಕಡೆ ಗಾಜು ಹಾಕಿ ಕಟ್ಟು ಹಾಕಿಕೊಟ್ಟರು, ನೋಟಿನ ಎರಡೂ ಮುಖ ಕಾಣಲೆಂದು. ಗೋಡೆಗೆ ಹಾಕಿದರೆ ಒಂದು ಮುಖ ಮುಚ್ಚಿಹೋಗುತ್ತದಲ್ಲ? ಅದಕ್ಕೇ ಸೂರಿನ ಕೊಂಡಿಗೆ ಸರಪಳಿ ಹಾಕಿ ಗಲ್ಲಾದ ಮುಂದೆ ತೂಗುಹಾಕಿದರು. ಜನ ಅದನ್ನು ನೋಡಲೆಂದೇ ಬಂದರು, ಬಂದವರು ತಿಂಡಿಯನ್ನೂ ತಿಂದರು. ಮಳಿಗೆಯ ಮಾಲೀಕರು ತಮ್ಮ ಬೀಗರನ್ನು ಕರೆತಂದು ತೋರಿಸಿದರು. ಚಿಕ್ಕಪ್ಪನಂತೂ ಸೌಟು ಹಿಡಿದೇ ಹೊರಗೆ ಬಂದು ಎಲ್ಲರಿಗೂ ವಿವರಿಸುತ್ತಿದ್ದ, ಪೂರ್ತಿ ತಪ್ಪುತಪ್ಪಾಗಿ. ಮೂಲೆಯ ಮೇಜಿನಿಂದ ಪುಟ್ಟಸ್ವಾಮಿ ತಿದ್ದುತ್ತಿದ್ದರು.

ಸೊಪ್ಪು ಒಳಗಿಟ್ಟು, ಕೈ ತೊಳೆದು, ಇದನ್ನೆಲ್ಲ ನೆನೆಯುತ್ತಾ ಒಲೆಯ ಮುಂದೆ ನಿಂತಿದ್ದೆ. ಅಷ್ಟರಲ್ಲಿ ತಾರಸಿಯಿಂದ ನಮ್ಮ ಯಜಮಾನರು ಕೂಗಿದರು: “ಏ, ಇಲ್ಲಿ ಬಾರೇ! ಆ ಮೂಲೆ ಕುಂಡದ ಕಳ್ಳಿ ಮೊಗ್ಗು ಬಿಟ್ಟಿದೆ!” ಮದುವೆಯಾದಾಗಿನಿಂದ ಅವರು ಕಳ್ಳಿಗಿಡ ಬೆಳೆಸುತ್ತಿದ್ದಾರೆ. ಒಂದೊಂದಕ್ಕೂ ಒಂದೊಂದು ಊರಿನ ಹೆಸರು, ಒಂದೊಂದು ಚರಿತ್ರೆ. ಆ ಚರಿತ್ರೆ ಶುರುವಾಯಿತೆಂದರೆ ನನಗೆ ಕುಕ್ಕರಿನ ವಿಷಲ್ ಕೇಳಿಸುತ್ತದೆ, ಕುಕ್ಕರ್ ಇಟ್ಟಿರದಿದ್ದರೂ.

ಒಲೆ ಆರಿಸಿದೆ. ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಮೆಟ್ಟಿಲು ಹತ್ತಿ, ಕುಂಡದ ಎದುರಿಗೆ ಹಾಕಿಕೊಂಡು ಕೂತೆ.

“ಹ್ಞೂ, ಹೇಳಿ. ಇದು ಎಲ್ಲಿಯದು?”

ಅವರು ಕುಂಡ ಬಿಟ್ಟು ನನ್ನ ಕಡೆ ತಿರುಗಿದರು. ಕೈಯ ಮಣ್ಣನ್ನು ಲುಂಗಿಗೆ ಒರೆಸಿಕೊಂಡು, ನನ್ನ ಹಣೆ ಮುಟ್ಟಿ ನೋಡಿ, ಗಾಬರಿಯಿಂದ ಕೇಳಿದರು: “ಯಾಕೆ, ಹುಷಾರಾಗಿದ್ದೀಯಾ ತಾನೆ?”