ಮುಷ್ಟಿಯೊಳಗಿನ ಜೋಳ

ಮಿರಜ ಇನ್ನೂ ಸಂಸ್ಥಾನಿಕರ ಕೈಯಲ್ಲಿದ್ದ ಕಾಲ. ಶ್ರಾವಣದ ಒಂದು ಸೋಮವಾರ ಮಾಳಿಗೆಯ ಕೋಣೆ ಬಾಡಿಗೆಗೆ ಕೇಳಲು ಬಂದ ತಮ್ಮಣ್ಣ ಕಥೆಯ ನಡುವೆ ಸಿಕ್ಕಿಬಿದ್ದ. ಪಡಸಾಲೆಯಲ್ಲಿ ಅರಿಷಿಣ ವ್ಯಾಪಾರಿಯ ವಿಧವೆ ಗುರುಶಾಂತವ್ವ ಓಣಿಯ ಹೆಂಗಸರಿಗೆ ಕರ್ಣನ ಕಥೆ ಹೇಳುತ್ತಿದ್ದಳು. ಎಲ್ಲರ ಮುಷ್ಟಿಯಲ್ಲೂ ನಾಲ್ಕು ಕಾಳು ಜೋಳ. ಕಾಳು ಹಿಡಿದೇ ಕೇಳಬೇಕು, ಕಥೆ ಮುಗಿದ ಮೇಲೆ ದೇವರ ಮುಂದೆ ಇಡಬೇಕು, ನಡುವೆ ಏಳುವಂತಿಲ್ಲ. ಅದು ಆ ಮನೆಯ ಪದ್ಧತಿ.

“ಕಥಿ ಕಿವಿಗೆ ಬಿತ್ತಲ್ರಿ, ಇನ್ನ ಹೋಗಾಕ ಬರಾಂಗಿಲ್ಲ. ಕುಂದ್ರಿ,” ಎಂದು ಅವನ ಕೈಗೂ ಕಾಳು ಹಾಕಿದಳು.

“ಗುರುಶಾಂತಕ್ಕಾ, ನಿನ್ನ ಕಥಿಗೆ ಟೋಪಿ ಹಾಕ್ಕೊಂಡ ಗಿರಾಕಿ ಬಂತ ನೋಡ!” ಎಂದು ನೆರೆಮನೆಯ ನೀಲಾಬಾಯಿ ನಕ್ಕಳು.

ಅವಳ ಕಥೆಯಲ್ಲಿ ಕುಂತಿ ಮಗುವಿನ ಪೆಟ್ಟಿಗೆಯನ್ನು ಮಿರಜದ ಪಕ್ಕದ ಕಸಬೆ ಡಿಗ್ರಜದಲ್ಲಿ ಕೃಷ್ಣಾ ಹೊಳೆಗೆ ಬಿಟ್ಟಳು. ಅದು ತೇಲುತ್ತ ಕೆಳಗಿನ ಊರು ಮ್ಹೈಸಾಳದಲ್ಲಿ ಸಾರಥಿಯ ಹೆಂಡತಿ ರಾಧೆಯ ಕೈಗೆ ಸಿಕ್ಕಿತು. ತಮ್ಮಣ್ಣ ನಗಲಿಲ್ಲ. ಅವನು ಸ್ಟೇಶನ್ನಿನಲ್ಲಿ ಟಿಕೀಟು ಕೊಡುವ ಗುಮಾಸ್ತ. ಮರಾಠಿ ಪೇಟೆಯ ನಡುವೆ ಕುಳಿತು ಕನ್ನಡದಲ್ಲಿ ಎರಡು ಕಾದಂಬರಿ ಬರೆದಿದ್ದ. ಕೋಣೆ ಹಿಡಿದ ದಿನವೇ ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಕೇಳಿದ: “ಮಾವಶಿ, ನಾ ಬರದದ್ದು ಓದತೇನಿ, ಕೇಳತೀರೇನು?”

“ನನಗ ನನ್ನ ಹೆಸರ ಬಿಟ್ರ ಓದಾಕ ಬರೂದಿಲ್ಲಪಾ.”

“ಅದಕ್ಕ ಕೇಳಾಕತ್ತೇನಿ. ಓದಾವರು ನನ್ನ ತಪ್ಪು ತಾವ ತಿದ್ದಕೊಂಡು ಮುಂದ ಹೋಗತಾರ. ನಿಮ್ಮ ಕಿವಿ ಬಿಡಾಂಗಿಲ್ಲ.”

ಅಂದಿನಿಂದ ರವಿವಾರ ಮಧ್ಯಾಹ್ನ ಅವನು ಓದುವುದು, ಅವಳು ಕಾಳು ಹಿಡಿದು ‘ಹೂಂ’ ಅನ್ನುವುದು. ಹೂಂ ನಿಂತಲ್ಲಿ ಅವನು ಗೆರೆ ಎಳೆಯುತ್ತಿದ್ದ.

ಒಮ್ಮೆ ಅವನೆಂದ: “ಪುರಾಣ ಸಾವಿರ ಬಾಯಾಗ ಹಸನಾಗಿ ಬಂದೈತಿ, ಮಾವಶಿ. ನಂದು ಒಂದ ಬಾಯಿಂದು, ಕಲ್ಲು ಬಾಳ. ಮತ್ತ ಪುರಾಣ ಆಗೂದು ಹೇಳಾವರ ಊರಾಗ.”

“ಮತ್ತೆಲ್ಲಿ ಆಗಬೇಕು?” ಎಂದು ಅವಳು ಬೆರಗಾದಳು.

ಮೂರನೆಯ ಕಾದಂಬರಿ ರಾಧೆಯದೇ. ನಾಲ್ಕು ವರ್ಷ ಹಿಡಿಯಿತು. ಕಡೆಯ ಅಧ್ಯಾಯದಲ್ಲಿ ಕರ್ಣ ರಣದಲ್ಲಿ ಬಿದ್ದಿದ್ದಾನೆ, ಕುಂತಿ ಬಂದು ‘ನನ್ನ ಮಗ’ ಎನ್ನುತ್ತಾಳೆ. ರಾಧೆ ಮೂರು ಪುಟ ಅತ್ತು ಮಾತಾಡುತ್ತಾಳೆ. ಮೊದಲ ಪುಟಕ್ಕೇ ಹೂಂ ನಿಂತಿತು.

“ಆಕಿ ಅಷ್ಟ ಮಾತಾಡಾಂಗಿಲ್ರಿ.”

“ಮತ್ತೇನಂತಾಳ?”

ಗುರುಶಾಂತವ್ವ ಕಾಳು ಮುಷ್ಟಿಯಲ್ಲಿರುವಾಗಲೇ ಎದ್ದುಹೋದಳು. ಆ ಮನೆಯಲ್ಲಿ ಹಾಗೆ ಯಾರೂ ಎದ್ದಿರಲಿಲ್ಲ. ತಮ್ಮಣ್ಣನಿಗೆ ಗದಗಿಗೆ ವರ್ಗದ ಹುಕುಂ ಬಂದಿತ್ತು. ಹೊರಡಲು ಹತ್ತು ದಿನ. ಬರೆದು ಬರೆದು ಹರಿದ. ಅವಳು ಕಾಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಸೀರೆ ಬದಲಾದಾಗ ಗಂಟೂ ಬದಲಾಗುತ್ತಿತ್ತು. ರಾಧೆ ಏನಂದಳೆಂದು ಅವಳಿಗೆ ಗೊತ್ತಿತ್ತು. ಅದನ್ನು ಬಾಯಿಂದ ತೆಗೆಯುವುದೇ ಕಷ್ಟವಾಗಿತ್ತು.

ಒಂಬತ್ತನೆಯ ದಿನ ಅವನ ಎದುರು ಬಂದು ಕುಳಿತಳು.

“ನನ್ನ ತಂಗಿ ಹಡದು ಹಾಸಿಗಿ ಹಿಡದಳು. ಆಕಿ ಮಗ ಗುರುಪಾದನ್ನ ನಾನ ಜ್ವಾಕಿ ಮಾಡಿದೆ. ಏಳು ವರ್ಷಕ್ಕ ಆಕಿ ಬಂದು ತನ್ನೂರು ಮಾಲಗಾಂವಕ್ಕ ಕರಕೊಂಡು ಹೋದಳು. ನಾ ಅಳಲಿಲ್ಲ, ಜಗಳಾಡಲಿಲ್ಲ. ‘ತೆಲಿದಿಂಬ ಎತ್ತರ ಇಡವಾ, ಇಲ್ಲಾಂದ್ರ ಅವಗ ನಿದ್ದಿ ಹತ್ತಾಂಗಿಲ್ಲ’ ಅಂದೆ. ಅದೊಂದ ಆಕಿಗೆ ಗೊತ್ತಿರಲಿಲ್ಲ.”

ತಮ್ಮಣ್ಣ ಮಾಳಿಗೆ ಹತ್ತಿದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದೇ ಹಾಳೆ ಹಿಡಿದು ಕೆಳಗಿಳಿದು ಓದಿದ:

‘ಕುಂತಿಯ ತೊಡೆಯ ಮೇಲೆ ಮಗನ ತಲೆಯಿತ್ತು. ರಾಧೆ ಪಕ್ಕದಲ್ಲಿ ಕುಳಿತಳು. ಇನ್ನೂ ಸ್ವಲ್ಪ ಎತ್ತರಕ್ಕೆ ಹಿಡಿಯಮ್ಮ ಎಂದಳು. ಇಲ್ಲದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ.’

“ಹೂಂ,” ಎಂದಳು ಗುರುಶಾಂತವ್ವ. ಗಂಟು ಬಿಚ್ಚಿ ನಾಲ್ಕೂ ಕಾಳನ್ನು ದೇವರ ಮುಂದೆ ಇಟ್ಟಳು.

ಅವನು ಕಾಲಿಗೆ ಬೀಳಲು ಬಂದಾಗ ಅವಳು ಹಿಂದೆ ಸರಿದಳು. “ಉಪಕಾರ ನಿಮ್ಮದ್ರಿ. ಆಕಿ ಏನಂದಳು ಅಂತ ಮೂವತ್ತು ವರ್ಷದಾಗ ಕೇಳಿದಾವರು ನೀವೊಬ್ಬರ.”

ಮುಂದಿನ ವರ್ಷ ಪುಸ್ತಕ ಅಚ್ಚಾದಾಗ ಗದಗಿನಿಂದ ತಾನೇ ತಂದುಕೊಟ್ಟ. ಮಿರಜಿಗೆ ಅದೇ ಅವನ ಕಡೆಯ ಭೇಟಿ. ಅಂದು ಅವಳು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲಿಟ್ಟು ಬರುವಷ್ಟರಲ್ಲಿ, ಹೊರಟವನು ಹೊಸ್ತಿಲಲ್ಲೇ ನಿಂತಿದ್ದ. ಕೈಯಲ್ಲಿ ಇನ್ನೊಂದು ಪ್ರತಿ ಇತ್ತು.

“ಮಾವಶಿ, ಮಾಲಗಾಂವಕ್ಕ ಹೋಗಿ ಇದನ್ನ ಗುರುಪಾದಗ ಕೊಟ್ಟ ಬರಲೇನ್ರಿ?”