ಕರಿಬೆಲ್ಲದ ಮೀನು, ಅಮ್ಮನ ಮೂಗು

ಮೀನನ್ನು ಬೆಲ್ಲದಲ್ಲಿ ಬೇಯಿಸುತ್ತೇವೆ ಅಂದರೆ ನಮ್ಮೂರು ಕುಣಿಗಲ್‌ನಲ್ಲಿ ಈಗಲೂ ನಗುತ್ತಾರೆ. ನಗಲಿ. ಇದು ಅಮ್ಮ ಗುಬ್ಬಿಯ ತವರಿನಿಂದ ತಂದ ಅಡುಗೆ. ಮಣ್ಣಿನ ಗಡಿಗೆಯಲ್ಲಿ ಕಡ್ಲೆಕಾಯಿ ಎಣ್ಣೆ ಬಿಟ್ಟು ಬೆಲ್ಲ ಕರಗಿಸಬೇಕು. ಅದು ನೊರೆಯೆದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದ ಗಳಿಗೆಯಲ್ಲೇ ಹುಣಸೆ ರಸ ಹುಯ್ಯಬೇಕು. ಆಮೇಲೆ ಉಪ್ಪು, ಕಾರದ ಪುಡಿ, ಜಜ್ಜಿದ ಬೆಳ್ಳುಳ್ಳಿ. ಅದರಲ್ಲಿ ಕೆರೆ ಮೀನಿನ ತುಂಡು ಜೋಡಿಸಿ, ರಸ ಗಟ್ಟಿಯಾಗಿ ಮೀನಿಗೆ ಅಂಟುವವರೆಗೆ ಸಣ್ಣ ಉರಿಯಲ್ಲಿ ಬಿಡಬೇಕು. ತುಮಕೂರಿನಲ್ಲಿ ಕಾಲೇಜು ಓದುವಾಗ ರೂಮಿನ ಸೀಮೆಎಣ್ಣೆ ಸ್ಟೌ ಮೇಲೆ ನನ್ನಷ್ಟಕ್ಕೆ ನಾನೇ ಅಡುಗೆ ಕಲಿತವನು, ಸಿಕ್ಕಿದ್ದನ್ನೆಲ್ಲ ಮಾಡಿ ನೋಡುವ ಹುಚ್ಚು ನನಗೆ. ಆದರೂ ಆ ಗಳಿಗೆ ಕೈಗೆ ಸಿಕ್ಕಿರಲಿಲ್ಲ. ಅಮ್ಮನಿಗೆ ಸಿಗುತ್ತಿತ್ತು. ನಮ್ಮ ಹಿತ್ತಿಲ ಒಲೆ ಇದ್ದದ್ದು ಕತ್ತಲೆಯ ಮಾಡಿನಡಿ, ಹಸಿ ಸೌದೆಯ ಹೊಗೆ ಬೇರೆ. ಬಣ್ಣ ಯಾರಿಗೆ ಕಾಣಬೇಕು? ಅವಳು ಮೂಗಿನಿಂದಲೇ ನೋಡುತ್ತಿದ್ದಳು.

ಎಂಬತ್ತರ ದಶಕದ ಶುರುವಿನ ಒಂದು ಮಳೆಗಾಲ ಅಮ್ಮನಿಗೆ ಜ್ವರ ಬಂತು. ಜ್ವರ ಬಿಟ್ಟಾಗ ಅವಳಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಮೊದಮೊದಲು ಅವಳು ಹೇಳಲಿಲ್ಲ. ಹಾಲು ಒಡೆದದ್ದು, ಅನ್ನ ಸೀದದ್ದು ಅವಳಿಗೆ ಗೊತ್ತಾಗದೆ ಹೋದಾಗ ನಾವೇ ಕಂಡುಕೊಂಡೆವು. ವಾಸನೆ ಮತ್ತೆ ಬರಬಹುದು, ಬರದೆಯೂ ಇರಬಹುದು ಅಂದರು ಡಾಕ್ಟರು. ಅಮ್ಮ ಊಟ ಬಿಡುತ್ತಾ ಬಂದಳು. ಮುದ್ದೆ ನುಂಗಿದರೆ ಮಣ್ಣು ನುಂಗಿದ ಹಾಗಾಗುತ್ತದೆ ಅನ್ನುತ್ತಿದ್ದಳು. ರವಿಕೆಯ ತೋಳು ಜೋಲುವಷ್ಟು ಇಳಿದುಹೋದಳು.

ಇಷ್ಟು ಘಾಟಿನ ಅಡುಗೆ ಇನ್ನೊಂದಿಲ್ಲವಲ್ಲ, ಈ ಬೆಲ್ಲದ ಮೀನಾದರೂ ಆ ಮೂಗನ್ನು ಎಬ್ಬಿಸೀತು ಅನ್ನುವ ಆಸೆ ನನಗೆ. ಒಂದು ಭಾನುವಾರ ಊರಿಗೆ ಬಂದು ಕೆರೆ ಏರಿ ಮೇಲೆ ಮೀನು ಕೊಂಡೆ. ಬೆಲ್ಲ ನೀನೇ ನೋಡಿಕೊಳ್ಳಬೇಕು ಅಂತ ಅಮ್ಮನನ್ನು ಒಲೆ ಮುಂದೆ ಕೂರಿಸಿ, ನಾನು ಬಾವಿಕಟ್ಟೆಯ ಹತ್ತಿರ ಬೂದಿ ಹಾಕಿ ಮೀನು ಉಜ್ಜತೊಡಗಿದೆ. ಪಕ್ಕದ ಮನೆ ಅತ್ತೆ ಗೋಡೆಯಾಚೆಯಿಂದ ಬಗ್ಗಿ ನೋಡಿದಳು.

"ಏನ್ಲಾ, ಕಾಲೇಜ್ನಾಗೆ ಮೀನು ಉಜ್ಜಾದೂ ಕಲಿಸ್ತಾರಾ?"

ಅಮ್ಮನೂ ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ. ಇವತ್ತು ಆಗೇ ಆಗುತ್ತದೆ ಅನ್ನಿಸಿಬಿಟ್ಟಿತು.

ಸ್ವಲ್ಪ ಹೊತ್ತಿಗೆ ಅದೇ ಅತ್ತೆಯ ದನಿ: "ಅತ್ಗೆ, ಏನೋ ಸೀದೋಯ್ತಾ ಐತೆ ನೋಡಿ."

ನನ್ನ ಮೂಗಿಗೂ ಆಗಲೇ ಬಡಿದಿತ್ತು. ಓಡಿ ಬಂದರೆ ಅಮ್ಮ ಗಡಿಗೆಯ ಮೇಲೆ ಬಗ್ಗಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಜೋರಾಗಿ ಉಸಿರೆಳೆದುಕೊಳ್ಳುತ್ತಿದ್ದಳು. ಹುಣಸೆ ರಸದ ಪಾತ್ರೆ ಕೈಯಲ್ಲೇ ಇತ್ತು. ವಾಸನೆ ಬರಲಿ ಅಂತ ಕಾಯುತ್ತಿದ್ದಳು.

ಬೆಲ್ಲ ಇದ್ದಿಲಾಗಿತ್ತು. ಚೆಲ್ಲಿ ಬೇರೆ ಹಾಕೋಣ ಅಂದೆ. ಕೇಳಲಿಲ್ಲ. ಅದಕ್ಕೇ ರಸ ಹುಯ್ದಳು, ಮೀನು ಹಾಕಿ ಬೇಯಿಸಿದಳು. ಇಳಿಸಿದ ಮೇಲೆ ಒಂದು ತುಂಡು ಬಾಯಿಗಿಟ್ಟು ನಿಧಾನಕ್ಕೆ ಅಗಿದಳು.

"ಕಹಿ ಅಂತ ಗೊತ್ತಾಯ್ತದೆ ಕಣಪ್ಪ," ಅಂದಳು. "ಮೀನು ಅಂತ ಗೊತ್ತಾಗಕಿಲ್ಲ."

ಸೌಟು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ, ನಡುಮಧ್ಯಾಹ್ನ ಗೋಡೆಗೆ ಮುಖ ಮಾಡಿ ಮಲಗಿದಳು.

ವಾಸನೆ ಬರಲೇ ಇಲ್ಲ. ಬದುಕಬೇಕಲ್ಲ ಅಂತ ಎರಡು ತುತ್ತು ನುಂಗುತ್ತಾಳೆ, ಅಷ್ಟೇ. ಬೆಲ್ಲ ಈಗ ನಾನೇ ಕಾಯಿಸುತ್ತೇನೆ. ಚೆನ್ನಾಗಿದೆ ಅಂತ ಎಲ್ಲರೂ ಅನ್ನುತ್ತಾರೆ. ಸರಿಯಾಗಿ ಬಂದಿದೆಯೋ ಇಲ್ಲವೋ ಹೇಳಬಲ್ಲವಳು ಒಬ್ಬಳೇ, ಅವಳು ಎದುರಿಗೇ ಕೂತಿರುತ್ತಾಳೆ.