ಸರಪಳಿ ಪ್ರಾರ್ಥನೆಯಲ್ಲಿ ನನ್ನ ಸರದಿ

ಜೋಯಲ್, ಅನುಗ್ರಹ, ನಿಮ್ಮ ಅಜ್ಜಿ ಹನ್ನೊಂದು ಜನ ಹೆಂಗಸರ ನಡುವೆ ಕೂತು, ಕೈಮುಗಿದು, ಕಣ್ಣುಮುಚ್ಚಿ, ಒಬ್ಬರ ಸಾವನ್ನು ದೇವರಲ್ಲಿ ಬೇಡಿದವಳು. ಈ ಸಂಗತಿ ಸಾರಕ್ಕಿ ಮಾರುಕಟ್ಟೆಯ ಸೊಪ್ಪಿನವಳಿಗೂ ಗೊತ್ತು, ನಿಮಗೆ ಮಾತ್ರ ಗೊತ್ತಿಲ್ಲ. ಬೇರೆಯವರ ಬಾಯಿಂದ ಉಪ್ಪು ಖಾರ ಹಚ್ಚಿಕೊಂಡು ನಿಮ್ಮನ್ನು ತಲುಪುವ ಮೊದಲು ನಾನೇ ಬರೆದಿಡುತ್ತಿದ್ದೇನೆ. ಎದುರಿಗೆ ಕೂತು ಹೇಳುವಷ್ಟು ಧೈರ್ಯ ನನಗಿಲ್ಲ. ಇರುವ ಅಷ್ಟಿಷ್ಟು ಧೈರ್ಯ ಪೆನ್ನಿಗೇ ಖರ್ಚಾಗುತ್ತದೆ.

ನಾನು ಕನಕಪುರದ ಕಡೆಯ ಒಂದು ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಆ ಶಾಲೆಯಲ್ಲಿ ಪ್ರಾರ್ಥನೆ ಎಂದರೆ ಎರಡು ವಾಕ್ಯ. ಸಾಲಾಗಿ ನಿಂತು ಎಲ್ಲರೂ ಒಟ್ಟಿಗೆ ಹೇಳುತ್ತಿದ್ದೆವು. ನನ್ನ ದನಿ ಪಕ್ಕದ ಹುಡುಗಿಗೂ ಕೇಳಿಸುತ್ತಿರಲಿಲ್ಲ. ದೇವರಿಗೆ ಕೇಳಿಸಿದ್ದರೆ ಅದು ಅವನ ಕಿವಿಯ ದೊಡ್ಡತನ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ನೋಡುತ್ತೇನೆ, ಇಲ್ಲಿಯ ಚರ್ಚಿನ ಸಭೆಯಲ್ಲಿ ಒಬ್ಬೊಬ್ಬರೂ ಸ್ವಂತ ಮಾತಿನಲ್ಲಿ, ಇಡೀ ಕೋಣೆಗೆ ಕೇಳುವಂತೆ ಪ್ರಾರ್ಥಿಸುತ್ತಾರೆ. ಮೊದಲ ದಿನ ನನಗೆ ಬೆವರಿತ್ತು.

ಬಾಯಿ ಬಿಡದೆ ನಲವತ್ತು ವರ್ಷ ಕೇಳಿಸಿಕೊಂಡದ್ದರಿಂದ ಪ್ರಾರ್ಥನೆಯ ಬಗೆಗಳಲ್ಲಿ ನಾನೊಬ್ಬ ಸಣ್ಣ ಪಂಡಿತೆಯಾಗಿದ್ದೇನೆ. ಕೆಲವರು ದೇವರಿಗೆ ವಾರ್ತೆ ಓದುತ್ತಾರೆ. ಪುಟ್ಟೇನಹಳ್ಳಿಯ ಸಹೋದರಿಯ ಮಗನ ನಿಶ್ಚಿತಾರ್ಥ ಮುರಿದದ್ದು ನಿನಗೆ ತಿಳಿದೇ ಇದೆಯಲ್ಲ ಕರ್ತನೇ, ಎನ್ನುತ್ತಾರೆ. ಕರ್ತನಿಗೆ ತಿಳಿದಿತ್ತು, ಪಕ್ಕದಲ್ಲಿ ಕೂತವರಿಗೆ ಈಗ ತಿಳಿಯಿತು. ಇನ್ನು ಕೆಲವರು ದೇವರ ಹೆಸರಿನಲ್ಲಿ ಎದುರಿಗಿರುವ ಸೊಸೆಗೆ ಬುದ್ಧಿ ಹೇಳುತ್ತಾರೆ. ವಿಳಾಸ ಕೊಡುವವರೂ ಇದ್ದಾರೆ. ಆಸ್ಪತ್ರೆ, ಮಹಡಿ, ವಾರ್ಡು ಎಲ್ಲ ಬಿಡಿಸಿ ಹೇಳಿ, ದೇವರು ಗಡಿಬಿಡಿಯಲ್ಲಿ ಪಕ್ಕದ ಹಾಸಿಗೆಯವನನ್ನು ಗುಣಪಡಿಸಿಬಿಡದಂತೆ ನೋಡಿಕೊಳ್ಳುತ್ತಾರೆ. ಇದಕ್ಕೆಲ್ಲ ನಾನು ನಗುವವಳಲ್ಲ ಎಂದು ಬರೆಯಹೊರಟಿದ್ದೆ. ಸುಳ್ಳು ಯಾಕೆ, ನಗುತ್ತೇನೆ. ಎಲ್ಲರ ಕಣ್ಣೂ ಮುಚ್ಚಿರುವುದರಿಂದ ಗೊತ್ತಾಗುವುದಿಲ್ಲ.

ನಮ್ಮ ಮನೆಯಲ್ಲಿ ನೋಡಿಕೊಳ್ಳಬೇಕಾದವರು ಇಬ್ಬರು. ನಿಮ್ಮ ತಾತನ ಅಕ್ಕ, ಅಂದರೆ ನೀವು ದೊಡ್ಡಜ್ಜಿ ಎಂದು ಕರೆಯುವ ನನ್ನ ಅತ್ತಿಗೆ ಕರುಣಮ್ಮನವರು ಲಕ್ವ ಹೊಡೆದು ಎರಡು ವರ್ಷದಿಂದ ಮಂಚದ ಮೇಲಿದ್ದಾರೆ. ಬಲಗೈ, ಬಲಗಾಲು ಆಡುವುದಿಲ್ಲ. ಮೂವತ್ತು ವರ್ಷ ಶಾಲೆಯ ಮಕ್ಕಳನ್ನು ನಡುಗಿಸಿದ ಮೇಡಂ ಅವರು. ಇನ್ನೊಬ್ಬ ನನ್ನ ತಮ್ಮ ಪ್ರಭಾಕರ. ಹೆಂಡತಿ ತೀರಿಹೋದ ಮೇಲೆ ನಮ್ಮಲ್ಲೇ ಇದ್ದಾನೆ. ಅವನಿಗೆ ಕೈ ನಡುಗುವ ಕಾಯಿಲೆ. ಲೋಟ ಎತ್ತಿದರೆ ಅರ್ಧ ಕಾಫಿ ಅಂಗಿಗೆ. ಒಬ್ಬರನ್ನು ಮಗ್ಗುಲು ಹೊರಳಿಸಿ ಬರುವಷ್ಟರಲ್ಲಿ ಇನ್ನೊಬ್ಬರ ಅಂಗಿಯ ಗುಂಡಿ ಹಾಕಬೇಕು. ನಿಮ್ಮ ಅಮ್ಮ ಹೊಸಕೆರೆಹಳ್ಳಿಯಿಂದ ಭಾನುವಾರ ಬಂದು ಕೈಜೋಡಿಸುತ್ತಾಳೆ. ಅವಳು ಹೇಗಿದ್ದೀಯ ಎಂದರೆ ನಾನು ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎಲ್ಲಿ ಕೆಲಸ ಬಿಟ್ಟು ಬಂದುಬಿಡುತ್ತಾಳೋ ಎಂಬ ಹೆದರಿಕೆ. ಸಭೆಯಲ್ಲಂತೂ ನನ್ನ ತಾಳ್ಮೆಯನ್ನು ಎಲ್ಲರೂ ಹೊಗಳುತ್ತಿದ್ದರು. ಹೊಗಳಿಕೆ ದೊಡ್ಡ ಸಂಕಟ ಮಕ್ಕಳೇ. ಒಂದು ಸಲ ತಾಳ್ಮೆಯವಳು ಎನಿಸಿಕೊಂಡರೆ ಆಮೇಲೆ ನಿಟ್ಟುಸಿರು ಬಿಡಲೂ ಬಚ್ಚಲಿಗೆ ಹೋಗಬೇಕು.

ಬುಧವಾರ ಸಂಜೆ ಹೆಂಗಸರ ಕೂಟ ನಮ್ಮ ಮನೆಯಲ್ಲೇ, ಅತ್ತಿಗೆಯ ಮಂಚದ ಸುತ್ತ. ಹಾಡು, ಬೈಬಲ್ ವಾಕ್ಯ ಮುಗಿದ ಮೇಲೆ ಸರಪಳಿ ಪ್ರಾರ್ಥನೆ. ಒಬ್ಬರು ಮುಗಿಸಿದರೆ ಪಕ್ಕದವರು ಶುರುಮಾಡಬೇಕು, ಸರಪಳಿ ತುಂಡಾಗಬಾರದು. ಪ್ರಾರ್ಥಿಸುವವರು ಒಂದೊಂದು ಮಾತು ಹೇಳಿದಾಗಲೂ ಉಳಿದವರು 'ಹೌದು ಕರ್ತನೇ' ಎಂದು ದನಿಗೂಡಿಸುವುದು ರೂಢಿ. ನನ್ನ ಸರದಿಗೆ ಇನ್ನು ಮೂವರಿದ್ದಾರೆ ಎನ್ನುವಾಗ ನಾನು ಮೆಲ್ಲಗೆ ಎದ್ದು ಟೀ ಇಡಲು ಹೋಗುತ್ತಿದ್ದೆ. ನನ್ನ ಜಾಗ ದಾಟಿ ಸರಪಳಿ ಮುಂದೆ ಹೋಗುವ ತನಕ ಟೀ ಕುದಿಯುತ್ತಲೇ ಇರುತ್ತಿತ್ತು. ಸುಗುಣಕ್ಕನ ಟೀಯ ಹದವೇ ಬೇರೆ ಎಂದು ಎಲ್ಲರೂ ಮೆಚ್ಚುತ್ತಿದ್ದರು.

ಆ ಬುಧವಾರದ ಹಿಂದಿನ ಮೂರು ದಿನ ಅತ್ತಿಗೆಗೆ ಜ್ವರ. ಹೊದಿಕೆ ಒಗೆದು ಒಗೆದು ನನ್ನ ಬೆರಳು ಬಿಳಿಚಿಕೊಂಡಿದ್ದವು. ಬೆಳಿಗ್ಗೆ ಪ್ರಭಾಕರ ಬಚ್ಚಲಲ್ಲಿ ಜಾರಿದ್ದ. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ, ಆದರೆ ಅವನನ್ನು ಎತ್ತಿದ ನನ್ನ ಸೊಂಟ ಹಿಡಿದುಕೊಂಡಿತ್ತು. ಸಂಜೆ ಮೂವರಿದ್ದಾರೆ ಎನ್ನುವಾಗ ಎಂದಿನಂತೆ ಎದ್ದೆ. ಸೆರಗು ಹಿಂದಕ್ಕೆ ಎಳೆಯಿತು. ಮಂಚದ ಮೊಳೆಗೆ ಸಿಕ್ಕಿಕೊಂಡಿತೇನೋ ಎಂದು ತಿರುಗಿದರೆ ಅತ್ತಿಗೆಯ ಎಡಗೈ. ಆ ಕೈಯಲ್ಲಿ ಅಷ್ಟು ಬಲ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ. "ಕೂತ್ಕೋ," ಎಂದರು ಮೆತ್ತಗೆ. ಕೂತೆ. ಪಕ್ಕದ ಜಯಶೀಲಾ ಮುಗಿಸಿದಳು. ಕೋಣೆ ನನಗಾಗಿ ಕಾಯತೊಡಗಿತು.

ಶಾಲೆಯ ಎರಡು ವಾಕ್ಯ ಒಪ್ಪಿಸಿ ಪಾರಾಗೋಣ ಎಂದುಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

"ಕರ್ತನೇ, ನಂಗೆ ಸಾಕಾಗಿದೆ," ಎಂದೆ.

"ಹೌದು ಕರ್ತನೇ," ಎಂದರು ಎಲ್ಲರೂ.

"ಅತ್ತಿಗೇನ ಕರ್ಕೊಂಡುಬಿಡು. ಇನ್ನು ನನ್ ಕೈಲಾಗಲ್ಲ."

"ಹೌದು ಕರ್ತನೇ."

ಹೇಳಿಬಿಟ್ಟ ಮೇಲೆ ಅವರಿಗೆ ಅರ್ಥವಾಯಿತು. ನನಗೂ ಅಷ್ಟೆ. ಕಣ್ಣು ತೆರೆದೆ. ಎಲ್ಲರ ಕಣ್ಣೂ ತೆರೆದಿದ್ದವು. ನಮ್ಮ ಸಭೆಯ ಪಾದ್ರಿ ಅಯ್ಯನವರ ಹೆಂಡತಿ, ನಾವು ಅಮ್ಮನವರು ಎನ್ನುವವರು, ಮೇಲೆತ್ತಿದ ಕೈಯನ್ನು ಇಳಿಸುವುದನ್ನೇ ಮರೆತಿದ್ದರು. ಆಗ ಮಂಚದಿಂದ ಒಂದು ದನಿ ಬಂತು. ಲಕ್ವ ಹೊಡೆದ ಮೇಲೆ ಅತ್ತಿಗೆಯ ಮಾತು ಅರ್ಧ ಬಾಯಲ್ಲೇ ಉಳಿಯುತ್ತದೆ. ಇದು ಮಾತ್ರ ಹಾಜರಿ ಕೂಗುತ್ತಿದ್ದ ಕಾಲದ ದನಿ.

"ಆಮೆನ್."

ಆಮೆನ್ ಆದ ಮೇಲೆ ಯಾರೂ ಮುಂದುವರಿಸುವ ಹಾಗಿಲ್ಲ. ಸರಪಳಿ ಅಲ್ಲಿಗೇ ತುಂಡಾಯಿತು. ಎಲ್ಲರೂ ಚಪ್ಪಲಿ ಹುಡುಕಿಕೊಂಡು ಹೊರಟರು. ಟೀ ಇಟ್ಟಿರಲೇ ಇಲ್ಲ, ಕೇಳಿದವರೂ ಇಲ್ಲ. ಪ್ರಭಾಕರ ಮಾತ್ರ ತನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕ, ಆ ಲಿಸ್ಟಲ್ಲಿ ನನ್ ಹೆಸರೂ ಇತ್ತಾ?" ಎಂದ. ನನ್ನನ್ನು ನಗಿಸಲು ಹೇಳಿದ್ದು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ರಾಗಿ ಗಂಜಿ ತಿನ್ನಿಸಲು ಕೂತೆ. ಎರಡು ಚಮಚ ಆದ ಮೇಲೆ ಅತ್ತಿಗೆ ತುಟಿ ಬಿಗಿದರು. ಮಧ್ಯಾಹ್ನ ಅನ್ನ ಕಿವುಚಿ ತಂದರೂ ಅದೇ. ದೇವರು ತಡಮಾಡಿಯಾನು ಎಂದು ನನ್ನ ಬೇಡಿಕೆಯನ್ನು ಇವರೇ ಪೂರೈಸಲು ಹೊರಟಿದ್ದಾರೆ ಎನಿಸಿತು. ಹೀಗೇ ಎರಡು ದಿನ ಕಳೆದರೆ ಇವರು ಉಳಿಯುವುದಿಲ್ಲ, ಹೋದರೆ ನಾನೇ ಕೊಂದ ಹಾಗೆ. ಬಟ್ಟಲು ಕೆಳಗಿಟ್ಟು ನೆಲದ ಮೇಲೆ ಕುಸಿದು ಕೂತೆ.

"ತಪ್ಪಾಯ್ತು ಅತ್ತಿಗೆ, ಬಾಯ್ತಪ್ಪಿ ಬಂತು. ಊಟ ಬಿಡ್ಬೇಡಿ," ಎಂದೆ.

"ಊಟ ಯಾರ್ ಬಿಟ್ರು?" ಎಂದರು, ಒಂದೊಂದೇ ಮಾತನ್ನು ಎತ್ತಿಟ್ಟ ಹಾಗೆ. "ನಿನ್ನೆ ರಾತ್ರಿಯಿಂದ ಗೋಡೆ ನೋಡ್ಕೊಂಡು ತಿನ್ನಿಸ್ತಿದ್ದೀಯ. ಗಂಜಿ, ಅನ್ನ ಎಲ್ಲ ಮೂಗಿಗೆ ಹೋಗ್ತಿದೆ. ನನ್ ಮುಖ ನೋಡು, ತಿಂತೀನಿ."

ನೋಡಿದೆ. ಮೂಗಿನ ತುದಿಯಲ್ಲಿ ನಿಜವಾಗಿಯೂ ಒಂದು ಅಗುಳಿತ್ತು. ಸೆರಗಿನಿಂದ ಒರೆಸಿದೆ. ಒರೆಸುತ್ತ ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಈಗಲೂ ಹೇಳಲಾರೆ.

"ನಾನೂ ಎರಡು ವರ್ಷದಿಂದ ಅದನ್ನೇ ಬೇಡ್ತಿದ್ದೀನಿ ಸುಗುಣ. ನಿಂಗೆ ಕೇಳಿಸಿದ್ರೆ ಅಳ್ತೀಯ ಅಂತ ಮನಸ್ಸಲ್ಲೇ," ಎಂದರು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ, "ನಾನು ಹೋಗೋದು ಅವನ ಕೈಲಿದೆ. ನೀನು ಮಲಗೋದು ನಿನ್ ಕೈಲಿದೆ. ಅದನ್ನೂ ಅವನ ತಲೆಗೆ ಕಟ್ಬೇಡ."

ಆ ಮಾತು ಇನ್ನೂ ನನ್ನನ್ನು ಕುಟುಕುತ್ತದೆ. ಒಂದೇ ಕೋಣೆಯಲ್ಲಿ ಇಬ್ಬರು, ಒಂದೇ ಬೇಡಿಕೆ, ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಎರಡು ವರ್ಷ! ದೇವರಿಗೆ ಈ ಕಡೆಯಿಂದ ಒಂದು ಪಿಸುಮಾತು, ಆ ಕಡೆಯಿಂದ ಒಂದು. ಅವನು ಏನೆಂದುಕೊಂಡನೋ. ಇಬ್ಬರೂ ಮೊದಲು ಪರಸ್ಪರ ಮಾತಾಡಿಕೊಂಡು ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಕಾದಿದ್ದನೋ ಏನೋ.

ಮುಂದಿನ ಬುಧವಾರ ಯಾರೂ ಬರಲಾರರು ಎಂದುಕೊಂಡು ಚಾಪೆಯನ್ನೂ ಹಾಸಿರಲಿಲ್ಲ. ಹನ್ನೊಂದೂ ಜನ ಬಂದರು. ಇದೇನು, ನನ್ನನ್ನು ವಿಚಾರಿಸಿಕೊಳ್ಳಲು ಬಂದರೇನೋ ಎಂದು ಅಡುಗೆಮನೆ ಸೇರಿದೆ. ಹಿಂದೆಯೇ ಜಯಶೀಲಾ ಬಂದಳು. ಸಭೆಯಲ್ಲೆಲ್ಲ ಗಟ್ಟಿ ಗಂಟಲಿನವಳು ಅವಳು. ಆವತ್ತು ಸಕ್ಕರೆ ಡಬ್ಬಿಯ ಮುಚ್ಚಳ ತಿರುಗಿಸುತ್ತ, "ಸುಗುಣಕ್ಕ, ನಮ್ಮತ್ತೆಗೆ ನಾನೂ ಇದನ್ನೇ ಬೇಡಿದ್ದೆ. ನಾಲ್ಕನೇ ದಿನ ಹೋಗ್ಬಿಟ್ರು. ಆರು ವರ್ಷದಿಂದ ನಾನೇ ಕೊಂದೆ ಅನ್ಕೊಂಡಿದ್ದೀನಿ," ಎಂದಳು. ಆ ಗಂಟಲಿನಲ್ಲಿ ಇಷ್ಟು ಸಣ್ಣ ದನಿಯೂ ಇದೆಯೆಂದು ನಾನು ತಿಳಿದಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಅವಳು ಹೋದ ಮೇಲೆ ಇನ್ನಿಬ್ಬರು ಬಂದರು, ನೀರು ಕುಡಿಯುವ ನೆಪದಲ್ಲಿ. ಅವರು ಹೇಳಿದ್ದನ್ನು ಬರೆಯುವುದಿಲ್ಲ, ಅದು ಅವರದು. ಅಷ್ಟು ವರ್ಷ ಗಟ್ಟಿಯಾಗಿ ಪ್ರಾರ್ಥಿಸಿದವರೆಲ್ಲ ನನ್ನಷ್ಟೇ ಮೂಗರು ಎಂದು ತಿಳಿದು ದಂಗಾದೆ.

ಅಮ್ಮನವರು ಏನನ್ನೂ ಹೇಳಿಕೊಳ್ಳಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಲೋಟಗಳನ್ನು ತಾವೇ ತೊಳೆದಿಟ್ಟು ಹೊರಗೆ ಬಂದು, ಮಂಗಳವಾರ, ಶುಕ್ರವಾರ ಮಧ್ಯಾಹ್ನ ಇಲ್ಲಿ ಬಂದು ಕೂರುವವರು ಯಾರು ಯಾರು ಎಂದು ಕೇಳಿದರು. ಹಿಂದಿನ ವಾರ ಹೌದು ಎಂದ ಬಾಯಿಗಳು ಈ ವಾರವೂ ಹೌದು ಎನ್ನಲೇಬೇಕಾಯಿತು. ಮೊದಲ ಶುಕ್ರವಾರ ನನ್ನನ್ನು ಜೆ.ಪಿ. ನಗರದ ತನ್ನ ಮನೆಗೆ ಕಳಿಸಿ, ಜಯಶೀಲಾ ಅತ್ತಿಗೆಯ ಬಳಿ ಕೂತಳು. ಅವಳ ಮನೆಯ ದಿವಾನದ ಮೇಲೆ ಸುಮ್ಮನೆ ಒರಗಿದವಳು ಮೂರು ಗಂಟೆ ಮಲಗಿದೆ. ಎದ್ದಾಗ ಯಾವ ಊರಿನಲ್ಲಿದ್ದೇನೆಂದೇ ತಿಳಿಯಲಿಲ್ಲ. ಆ ಭಾನುವಾರ ನಿಮ್ಮ ಅಮ್ಮ ಹೇಗಿದ್ದೀಯ ಎಂದಾಗ, ಚೆನ್ನಾಗಿಲ್ಲ ಎಂದೆ. ಅವಳು ಕೆಲಸ ಬಿಡಲಿಲ್ಲ. ನನ್ನ ಕಾಲು ಒತ್ತಿದಳು.

ಇದೆಲ್ಲ ಆಗಿ ಏಳು ತಿಂಗಳು. ಅತ್ತಿಗೆ ಇದ್ದಾರೆ. ಇವತ್ತು ಬೆಳಿಗ್ಗೆಯೂ ಚಟ್ನಿಗೆ ಹುಣಸೆ ಜಾಸ್ತಿಯಾಯಿತೆಂದು ನನಗೆ ಪಾಠ ಹೇಳಿದರು. ನನ್ನ ಬೇಡಿಕೆಯನ್ನು ದೇವರು ನಡೆಸಿಕೊಡಲಿಲ್ಲವಲ್ಲ, ಸಂತೋಷವೇ ಎಂದು ಕೇಳುತ್ತೀರಿ. ಹೆಚ್ಚಿನ ದಿನ ಸಂತೋಷವೇ. ಕೆಲವು ದಿನ ಆ ಮಾತು ಮತ್ತೆ ಬಾಯಿಗೆ ಬರುತ್ತದೆ. ಬಂದರೆ ಈಗ ಅತ್ತಿಗೆಗೇ ಹೇಳುತ್ತೇನೆ. ಅವರು ಹೋಗಿ ಮಲಗು ಎನ್ನುತ್ತಾರೆ.

ಮುಂದೆ ಯಾವತ್ತೋ ನೀವೂ ಒಬ್ಬರ ಹಾಸಿಗೆಯ ಪಕ್ಕ ಕೂರುತ್ತೀರಿ. ನನ್ನ ಹಾಸಿಗೆಯೇ ಇರಬಹುದು. ತುಂಬಾ ಪ್ರೀತಿಯವರಿಗೇ ಆ ಮಾತು ಬರುವುದು. ಬಂದಾಗ ನೀವೇನೋ ರಾಕ್ಷಸರಾಗಿಬಿಟ್ಟಿರಿ ಎಂದು ಹೆದರಬೇಡಿ. ಅಂಥ ದಿನಕ್ಕೆಂದೇ ಇದನ್ನು ಬರೆದಿದ್ದೇನೆ. ಅನುಗ್ರಹ, ನಿನ್ನ ಬೀರುವಿನಲ್ಲಿ ನೀರು, ಇರುವೆ ತಾಗದ ಕಡೆ ಈ ಹಾಳೆಗಳನ್ನು ಜೋಪಾನವಾಗಿಡು. ಎಲ್ಲಿಟ್ಟಿದ್ದೀಯೆಂದು ಜೋಯಲ್‌ಗೂ ತೋರಿಸಿಡು. ಯಾರಿಗೆ ಮೊದಲು ಬೇಕಾಗುತ್ತದೋ ಹೇಳಲು ಬರುವುದಿಲ್ಲ.